ಬೆವರಿನ ಕಲೆ

ಕಲೆ ಎಂಬ ಒಂದೇ ಶಬ್ದದಿಂದ ಕನ್ನಡಿಗರು ಸಂಗೀತ ಶಿಲ್ಪಗಳನ್ನೂ ಸೂಚಿಸುತ್ತಾರೆ, ಬಟ್ಟೆಗೆ ಹತ್ತಿದ ಕೊಳೆಯ ಗುರುತನ್ನೂ ಸೂಚಿಸುತ್ತಾರೆ. ಮೊದಲನೆಯದು ಹತ್ತಲಿ ಎಂದು ಜನ್ಮವಿಡೀ ದುಡಿಯುವವರುಂಟು; ಎರಡನೆಯದು ಬಿಟ್ಟರೆ ಸಾಕೆಂದು ವಾರಕ್ಕೊಮ್ಮೆಯಾದರೂ ದುಡಿಯದ ಮನೆಯಿಲ್ಲ. ನಾನು ಈಗ ಹೇಳಹೊರಟಿರುವುದು ಈ ಎರಡನೆಯ ಕಲೆಯನ್ನು ಕುರಿತು. ಅದರಲ್ಲೂ ಬೆವರು ಬಟ್ಟೆಯಲ್ಲಿ ಬಿಟ್ಟುಹೋಗುವ ಹಳದಿ ಗುರುತು ಮತ್ತು ವಾಸನೆಯನ್ನು ಕುರಿತು.

ವೇದಿಕೆಯ ಮೇಲೆ ಬೆವರಿಗೆ ದೊಡ್ಡ ಮರ್ಯಾದೆಯಿದೆ. ರೈತನ ಬೆವರು, ಕಾರ್ಮಿಕನ ಬೆವರು ಎಂದು ಕೊಂಡಾಡದ ಭಾಷಣವಿಲ್ಲ. ಅದೇ ಬೆವರು ಬಸ್ಸಿನಲ್ಲಿ ಪಕ್ಕದ ಆಸನದಿಂದ ಸುಳಿದು ಬಂದರೆ ಮಾತ್ರ ನಾವು ಮುಖವನ್ನು ಕಿಟಕಿಯ ಕಡೆಗೆ ತಿರುಗಿಸುತ್ತೇವೆ. ನಾನಿರುವುದು ಜರಗನಹಳ್ಳಿಯಲ್ಲಿ. ಕನಕಪುರ ರಸ್ತೆಯಲ್ಲಿ ಸಾರಕ್ಕಿಗೂ ಯಲಚೇನಹಳ್ಳಿಗೂ ನಡುವೆ, ಬೆಂಗಳೂರು ನುಂಗಿಯೂ ಪೂರ್ತಿ ಜೀರ್ಣಿಸಿಕೊಳ್ಳದ ಹಳ್ಳಿ ಇದು. ಹನಿಗವನಗಳಿಂದ ನಾಡಿಗೆಲ್ಲ ಪರಿಚಿತರಾದ ಜರಗನಹಳ್ಳಿ ಶಿವಶಂಕರ್ ಅವರ ದೆಸೆಯಿಂದ ಈ ಹೆಸರು ಸಾಹಿತ್ಯಾಸಕ್ತರಿಗೆ ಹೊಸದಲ್ಲ. ಆದರೆ ಬೆಳಗಿನ ಏಳು ಗಂಟೆಗೆ ಈ ರಸ್ತೆಯಲ್ಲಿ ನಿಂತರೆ ಕಾಣುವ ಹನಿಗಳು ಬೇರೆ. ಹೊಲಿಗೆಯ ಕಾರ್ಖಾನೆಗಳಿಗೆ, ಸಣ್ಣಪುಟ್ಟ ವರ್ಕ್‌ಶಾಪುಗಳಿಗೆ, ಅಂಗಡಿಗಳಿಗೆ ಹೊರಟವರು ಬಸ್ಸು ಬರುವ ಮೊದಲೇ ಹಣೆ ಒರೆಸಿಕೊಳ್ಳುತ್ತಿರುತ್ತಾರೆ.

ಅಂಥವರಲ್ಲಿ ಒಬ್ಬ ಹೆಣ್ಣುಮಗಳು, ನಮ್ಮ ಬೀದಿಯವಳೇ, ಒಮ್ಮೆ ನನ್ನನ್ನು ಸಂಕೋಚದಿಂದ ಕೇಳಿದಳು. ನಾನು ಬಹುಕಾಲ ರಸಾಯನಶಾಸ್ತ್ರದ ಪಾಠ ಹೇಳಿದವನೆಂಬುದು ಬೀದಿಗೆಲ್ಲ ಗೊತ್ತು. "ದಿನಾ ಸ್ನಾನ ಮಾಡ್ತೀನಿ, ದಿನಾ ಬಟ್ಟೆ ಒಗೀತೀನಿ. ಆದರೂ ಮಧ್ಯಾಹ್ನದ ಹೊತ್ತಿಗೆ ಯಾಕೆ ಸಾರ್ ಹೀಗೆ?" ಆಕೆಗಿರುವುದು ಎರಡು ಜೊತೆ ಸಮವಸ್ತ್ರ, ಎರಡೂ ಪಾಲಿಯೆಸ್ಟರಿನವು. ಬಸ್ಸಿನಲ್ಲಿ ಕೈಯೆತ್ತಿ ಮೇಲಿನ ಕಂಬಿ ಹಿಡಿಯುವುದನ್ನೇ ಆಕೆ ಬಿಟ್ಟುಬಿಟ್ಟಿದ್ದಳು. ಸೀಟಿನ ಬೆನ್ನನ್ನು ಹಿಡಿದು ತೂಗಾಡುತ್ತ ಹೋಗುತ್ತಿದ್ದಳು. ಇದನ್ನು ಅಶುದ್ಧಿಯೆಂದೋ ಸೋಮಾರಿತನವೆಂದೋ ತಿಳಿಯುವವರು ಮೊದಲು ಬೆವರಿನ ಸ್ವಭಾವವನ್ನು ಅರಿಯಬೇಕು.

ನಮ್ಮ ಚರ್ಮದಲ್ಲಿ ಎರಡು ಬಗೆಯ ಬೆವರಿನ ಗ್ರಂಥಿಗಳಿವೆ. ಮೈಯೆಲ್ಲ ಹರಡಿರುವ ಎಕ್ರೈನ್ ಗ್ರಂಥಿಗಳು ಸುರಿಸುವುದು ಬಹುಮಟ್ಟಿಗೆ ನೀರು ಮತ್ತು ಉಪ್ಪನ್ನು. ಮೈಯನ್ನು ತಂಪು ಮಾಡುವುದು ಅವುಗಳ ಕೆಲಸ. ಕಂಕುಳಿನಂಥ ಕೆಲವೇ ಎಡೆಗಳಲ್ಲಿರುವ ಅಪೊಕ್ರೈನ್ ಗ್ರಂಥಿಗಳು ಹರೆಯ ಬಂದ ಮೇಲೆ ಚುರುಕಾಗುತ್ತವೆ. ಅವುಗಳ ಸ್ರಾವದಲ್ಲಿ ಕೊಬ್ಬಿನ ಮತ್ತು ಪ್ರೋಟೀನಿನ ಅಂಶಗಳಿರುತ್ತವೆ. ಹೊರಬಂದ ಗಳಿಗೆಯಲ್ಲಿ ಇವೆರಡಕ್ಕೂ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಚರ್ಮದ ಮೇಲೆ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಗಳು ಆ ಕೊಬ್ಬು ಪ್ರೋಟೀನುಗಳನ್ನು ಒಡೆದು ಮೇದು, ಗಾಟು ಹೊಡೆಯುವ ಆಮ್ಲಗಳನ್ನೂ ಗಂಧಕದ ಸಂಯುಕ್ತಗಳನ್ನೂ ಬಿಡುತ್ತವೆ. ನಾವು ಬೆವರಿನ ವಾಸನೆಯೆಂದು ಕರೆಯುವುದು ವಾಸ್ತವವಾಗಿ ಅವುಗಳ ಊಟದ ವಾಸನೆ.

ಬಟ್ಟೆಯ ಪಾತ್ರ ಇಲ್ಲಿಂದ ಮೊದಲಾಗುತ್ತದೆ. ಹತ್ತಿಯ ನೂಲು ನೀರನ್ನು ಹೀರುತ್ತದೆ. ಒಗೆದಾಗ ನೀರಿನೊಡನೆ ಕೊಳೆಯನ್ನೂ ಬಿಟ್ಟುಕೊಡುತ್ತದೆ. ಪಾಲಿಯೆಸ್ಟರ್ ನೀರನ್ನು ಒಲ್ಲದು, ಜಿಡ್ಡನ್ನು ಬಿಡದು. ವಾಸನೆಯ ಮೂಲವಾದ ಜಿಡ್ಡು ನೂಲಿಗೆ ಅಂಟಿ ಕುಳಿತರೆ ಬರಿಯ ನೀರು, ಅರೆಮನಸ್ಸಿನ ಸಾಬೂನು ಅದನ್ನು ಅಲುಗಿಸಲಾರವು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾನಿಲಯದವರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ವ್ಯಾಯಾಮ ಮಾಡಿದವರ ಅಂಗಿಗಳನ್ನು ಕೂಡಿಟ್ಟು ಮೂಸಿನೋಡಿದಾಗ ಹತ್ತಿಗಿಂತ ಪಾಲಿಯೆಸ್ಟರಿನ ಅಂಗಿಗಳೇ ಹೆಚ್ಚು ನಾರುತ್ತಿದ್ದುವು. ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯ ಕೃತಕ ನೂಲಿನಲ್ಲಿ ಹುಲುಸಾಗಿ ಬೆಳೆದಿತ್ತು. ಆ ಹೆಣ್ಣುಮಗಳ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ: ದೋಷ ಆಕೆಯ ಸ್ನಾನದಲ್ಲಿರಲಿಲ್ಲ, ಸಮವಸ್ತ್ರ ಆರಿಸಿದವರ ಲೆಕ್ಕಾಚಾರದಲ್ಲಿತ್ತು.

ಉಳಿದರ್ಧ ನೀರಿನಲ್ಲಿದೆ. ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರು ಹಾರೋಹಳ್ಳಿ, ತಾತಗುಣಿಗಳನ್ನು ಹಾದು ನಮ್ಮ ಕಡೆಯಿಂದಲೇ ನಗರವನ್ನು ಪ್ರವೇಶಿಸುತ್ತದೆ. ಆದರೂ ಇಲ್ಲಿ ಎಷ್ಟೋ ಮನೆಗಳ ಬಕೆಟ್ಟಿಗೆ ಬೀಳುವುದು ಕೊಳವೆ ಬಾವಿಯ ಗಡಸು ನೀರು. ಗಡಸು ನೀರಿನ ಸುಣ್ಣದ ಅಂಶ ಸಾಬೂನಿನೊಡನೆ ಕೂಡಿ ಬೂದು ಬಣ್ಣದ ಗಸಿಯಾಗುತ್ತದೆ. ಆ ಗಸಿ ನೂಲಿನ ಸಂದಿಗಳಲ್ಲಿ ಕುಳಿತು ಬೆವರಿನ ಜಿಡ್ಡನ್ನು ಭದ್ರವಾಗಿ ಕಾಪಾಡುತ್ತದೆ. ಹತ್ತು ಲೀಟರಿನ ಬಕೆಟ್ಟಿಗೆ ಎರಡು ದೊಡ್ಡ ಚಮಚ ಬಟ್ಟೆಸೋಡ ಕರಗಿಸಿ, ಅನಂತರ ಸಾಬೂನು ಹಾಕಿದರೆ ನೊರೆ ತಾನಾಗಿ ಏಳುವುದನ್ನು ನೋಡಬಹುದು.

ಬಟ್ಟೆಸೋಡವೇನೂ ಹೊಸ ಶೋಧನೆಯಲ್ಲ. ನಮ್ಮ ಮಡಿವಾಳರು ಹೊಳೆದಂಡೆಯಿಂದ ತರುತ್ತಿದ್ದ ಚೌಳುಮಣ್ಣಿನಲ್ಲಿ ಇದ್ದದ್ದು ಮುಖ್ಯವಾಗಿ ಇದೇ ಸೋಡವೇ. ಬಟ್ಟೆಯನ್ನು ಚೌಳಿನ ನೀರಿನಲ್ಲಿ ಅದ್ದಿ, ದೊಡ್ಡ ಪಾತ್ರೆಯ ಬಾಯಿಯ ಮೇಲೆ ಸುತ್ತಿ ಪೇರಿಸಿ, ಇಡೀ ರಾತ್ರಿ ಹಬೆಯಲ್ಲಿ ಬೇಯಿಸುತ್ತಿದ್ದರು. ಉಬ್ಬೆ ಎಂದು ಅದಕ್ಕೆ ಹೆಸರು. ಕ್ಷಾರವು ಜಿಡ್ಡನ್ನು ಸಾಬೂನಾಗಿ ಮಾರ್ಪಡಿಸುತ್ತಿತ್ತು, ಹಬೆ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತಿತ್ತು, ಮರುದಿನದ ಬಿಸಿಲು ಬಿಳುಪು ಕೊಡುತ್ತಿತ್ತು. ಹನ್ನೆರಡನೆಯ ಶತಮಾನದ ವಚನಕಾರ ಮಡಿವಾಳ ಮಾಚಿದೇವ ಶರಣರ ಬಟ್ಟೆಯನ್ನಲ್ಲದೆ ಬೇರೆಯವರದನ್ನು ಒಗೆಯುತ್ತಿರಲಿಲ್ಲವೆಂದು ಐತಿಹ್ಯ. ಕಾಯಕವೇ ಕೈಲಾಸವೆಂದವರ ಬಟ್ಟೆಯಲ್ಲಿ ಬೆವರು ಕಡಮೆಯಿದ್ದಿರಲಾರದು! ಊರಿಗೆಲ್ಲ ಮಡಿ ಮಾಡಿಕೊಟ್ಟವರನ್ನೇ ಹೊಸ್ತಿಲ ಆಚೆ ನಿಲ್ಲಿಸಿದ ಸಮಾಜ, ಅವರಿಂದ ರಸಾಯನಶಾಸ್ತ್ರವನ್ನೂ ಕಲಿಯಲಿಲ್ಲ.

ಇನ್ನು ಮನೆಯಲ್ಲಿ ಮಾಡಬಹುದಾದದ್ದು. ಹೊಸ ಬೆವರಿಗೆ ಬಿಸಿನೀರು ಸಲ್ಲದು. ಮೊಟ್ಟೆಯ ಲೋಳೆ ಕಾವಿಗೆ ಗಟ್ಟಿಯಾಗುವಂತೆ ಬೆವರಿನ ಪ್ರೋಟೀನೂ ಬಿಸಿಗೆ ನೂಲಿಗೆ ಕಚ್ಚಿಕೊಳ್ಳುತ್ತದೆ. ಉಬ್ಬೆಯಲ್ಲಿ ಹಾಗಾಗದಿದ್ದುದು ಬಟ್ಟೆ ಮೊದಲೇ ಕ್ಷಾರದಲ್ಲಿ ನೆನೆದಿರುತ್ತಿದ್ದುದರಿಂದ. ಮನೆಗೆ ಬಂದೊಡನೆ ಅಂಗಿಯನ್ನು ಬುಟ್ಟಿಗೆ ತುರುಕದೆ, ಕಂಕುಳಿನ ಭಾಗವನ್ನು ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಿನಲ್ಲಿ ಹಿಂಡಿ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಪಾಲಿಯೆಸ್ಟರಿಗೆ ಕಿಣ್ವಗಳಿರುವ ಒಗೆಯುವ ಪುಡಿ ಒಳ್ಳೆಯದು. ಪ್ರೋಟೀನನ್ನು ಕತ್ತರಿಸುವ ಕಿಣ್ವವನ್ನು ಬಟ್ಟೆ ಒಗೆಯಲು ಬಳಸಿದ್ದು ಜರ್ಮನಿಯ ಓಟೋ ರೋಮ್, 1913ರ ಸುಮಾರಿನಲ್ಲಿ. ಕಿಣ್ವಕ್ಕೆ ಬೇಕಾದುದು ಉಗುರುಬೆಚ್ಚನೆಯ ನೀರು ಮತ್ತು ಒಂದು ಗಂಟೆಯ ಬಿಡುವು. ಕುದಿಯುವ ನೀರಿನಲ್ಲಿ ಅದು ಸತ್ತುಹೋಗುತ್ತದೆ. ಬಟ್ಟೆ ಮೆದುವಾಗಲೆಂದು ಕೊನೆಗೆ ಹಾಕುವ ಸುಗಂಧದ್ರವವನ್ನು ಇಂಥ ಬಟ್ಟೆಗೆ ಹಾಕದಿರುವುದು ಲೇಸು. ಅದು ನೂಲಿಗೆ ಇನ್ನೊಂದು ಜಿಡ್ಡಿನ ಲೇಪ ಕೊಡುತ್ತದೆ.

ಬಿಳಿ ಅಂಗಿಯ ಕಂಕುಳಿನ ಹಳದಿಗೆ ಎಷ್ಟೋ ವೇಳೆ ಕಾರಣ ಬೆವರೊಂದೇ ಅಲ್ಲ. ಬೆವರು ತಡೆಯಲು ಹಚ್ಚಿಕೊಳ್ಳುವ ಲೇಪಗಳಲ್ಲಿ ಅಲ್ಯೂಮಿನಿಯಮ್ಮಿನ ಲವಣಗಳಿರುತ್ತವೆ. ಅವು ಬೆವರಿನೊಡನೆ ಸೇರಿ ಗಡುಸಾದ ಹಳದಿ ಪದರವಾಗುತ್ತವೆ. ಇದಕ್ಕೆ ಹುಳಿಯೇ ಮದ್ದು. ಒಂದು ಪಾಲು ವಿನಿಗರಿಗೆ ನಾಲ್ಕು ಪಾಲು ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ, ಆಮೇಲೆ ಸಾಬೂನು ಹಾಕಬೇಕು. ನಿಂಬೆರಸವೂ ಆದೀತು. ಹುಳಿಯನ್ನೂ ಸೋಡವನ್ನೂ ಒಟ್ಟಿಗೆ ಸುರಿದು ನೊರೆಯುಕ್ಕುವುದನ್ನು ಕಂಡು ಸಂತೋಷಪಡುವವರಿದ್ದಾರೆ. ಒಂದು ಇನ್ನೊಂದನ್ನು ಕೊಂದು ಉಳಿಯುವುದು ಸಪ್ಪೆ ನೀರು. ಹುಳಿಗೂ ಜಗ್ಗದ ಹಳದಿಗೆ ಔಷಧದ ಅಂಗಡಿಯ ಹೈಡ್ರೊಜನ್ ಪೆರಾಕ್ಸೈಡ್ ಇದೆ. ಇಪ್ಪತ್ತು ವಾಲ್ಯೂಮ್ ಎಂದು ಬರೆದ ಸೀಸೆಯಲ್ಲಿ ಅದು ಸುಮಾರು ಶೇಕಡಾ 6ರಷ್ಟಿರುತ್ತದೆ. ಸಮನಾಗಿ ನೀರು ಬೆರೆಸಿ ಬಿಳಿಯ ಹತ್ತಿಬಟ್ಟೆಗೆ ಮಾತ್ರ ಹಚ್ಚಿ ಅರ್ಧ ಗಂಟೆ ಬಿಡಬೇಕು. ಬಣ್ಣದ ಬಟ್ಟೆಯಾದರೆ ಮೊದಲು ಒಳಹೊಲಿಗೆಯ ಮೂಲೆಯಲ್ಲಿ ಪರೀಕ್ಷಿಸುವುದು ವಿವೇಕ.

ಬ್ಲೀಚಿಂಗ್ ಪುಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಕ್ಲೋರಿನ್ನು ಬೆವರಿನ ಪ್ರೋಟೀನಿನೊಡನೆ ಕೂಡಿದರೆ ಹಳದಿ ಹೋಗುವುದಕ್ಕೆ ಬದಲು ಹೆಚ್ಚುತ್ತದೆ. ಅದನ್ನು ವಿನಿಗರಿನಂಥ ಹುಳಿಯೊಡನೆ ಬೆರೆಸಿದರಂತೂ ವಿಷವಾಯುವೇ ಏಳುತ್ತದೆ. ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಪ್ರಾಣಾಪಾಯದ ಮಾತು. ನೀಲಿ ಹಾಕುವುದರಿಂದ ಅಪಾಯವಿಲ್ಲ, ಆದರೆ ಅದು ಹಳದಿಯನ್ನು ತೆಗೆಯುವುದಿಲ್ಲ, ಕಣ್ಣಿಗೆ ಮರೆಮಾಚುತ್ತದೆ ಅಷ್ಟೆ.

ಒಣಗಿಸುವುದಕ್ಕೆ ಬಿಸಿಲಿಗಿಂತ ಮಿಗಿಲಾದುದಿಲ್ಲ. ಆದರೆ ಗೋಡೆಗೆ ಗೋಡೆ ಅಂಟಿದ ನಮ್ಮ ಓಣಿಗಳಲ್ಲಿ ಬಿಸಿಲು ಬೀಳುವುದು ತಾರಸಿಗೆ. ತಾರಸಿಯ ತಂತಿಗೆ ಬಾಡಿಗೆದಾರರು ಸರದಿ ಕಾಯಬೇಕು. ಕೆಲಸದಿಂದ ರಾತ್ರಿ ಬಂದು ಒಗೆಯುವವರ ಬಟ್ಟೆ ಕೋಣೆಯೊಳಗೇ ಆರುತ್ತದೆ. ಮಳೆಗಾಲದಲ್ಲಿ ಆರುವುದೇ ಇಲ್ಲ. ಹಸಿಯಾಗಿ ಬಹಳ ಹೊತ್ತು ಉಳಿದ ಬಟ್ಟೆಯಲ್ಲಿ ಮೊರಾಕ್ಸೆಲ್ಲ ಎಂಬ ಬ್ಯಾಕ್ಟೀರಿಯ ಬೆಳೆದು ಮುಗ್ಗಲು ವಾಸನೆ ಹುಟ್ಟಿಸುವುದನ್ನು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿಕೊಟ್ಟರು. ಫ್ಯಾನಿನ ಕೆಳಗೆ, ಒಂದು ಬಟ್ಟೆಗೂ ಇನ್ನೊಂದಕ್ಕೂ ಒಂದು ಗೇಣು ಅಂತರ ಬಿಟ್ಟು ಹರವುವುದೇ ಇಲ್ಲಿರುವ ಉಪಾಯ. ಸಮವಸ್ತ್ರ ಎರಡೇ ಜೊತೆಯಿದ್ದಾಗ ಈ ಒಂದು ಗೇಣು ಸಣ್ಣ ಸಂಗತಿಯಲ್ಲ. ಮೇಲೆ ಹೇಳಿದ ಹೆಣ್ಣುಮಗಳು ಕಿಣ್ವದ ಪುಡಿ, ವಿನಿಗರು, ಫ್ಯಾನು ಈ ಮೂರನ್ನೂ ಹಿಡಿದು ಎರಡು ವಾರದಲ್ಲಿ ಬಸ್ಸಿನ ಕಂಬಿಗೆ ಮರಳಿದಳು.

ರೇಷ್ಮೆಯ ಮಾತು ಬೇರೆ. ಅದು ತಾನೇ ಪ್ರೋಟೀನು. ಕಿಣ್ವವೂ ಸೋಡವೂ ಕಲೆಯೊಡನೆ ಸೀರೆಯನ್ನೂ ತಿನ್ನುತ್ತವೆ. ಬೆವರಿನ ಉಪ್ಪಿಗೂ ರೇಷ್ಮೆ ಸೊರಗುತ್ತದೆ. ಮದುವೆಮನೆಯಿಂದ ಬಂದ ರೇಷ್ಮೆಯನ್ನು ಅಂದೇ ಮಡಿಸದೆ, ನೆರಳಿನಲ್ಲಿ ಗಾಳಿಗೆ ಹರವಬೇಕು. ಒಗೆಯಬಹುದಾದ ರೇಷ್ಮೆಯಾದರೆ ಅಂಟುವಾಳದ ಕಾಯಿಯನ್ನು ನೆನೆಸಿ ಕಿವುಚಿದ ತಣ್ಣನೆಯ ನೊರೆ ಸಾಕು, ಉಜ್ಜಬಾರದು, ಹಿಂಡಬಾರದು. ರವಿಕೆಯ ಕಂಕುಳಿಗೆ ತೆಳುವಾದ ಹತ್ತಿಯ ಒಳಪಟ್ಟಿಯನ್ನು ಹೊಲಿಸಿ, ಅದನ್ನಷ್ಟೇ ಬಿಚ್ಚಿ ಒಗೆಯುತ್ತಿದ್ದ ಹಿಂದಿನವರ ಜಾಣತನ ಇಂದಿಗೂ ಸಲ್ಲುತ್ತದೆ. ಬೆವರಿಗೆ ಬಣ್ಣವೇ ತಿರುಗಿದ್ದರೆ ಯಾವ ದ್ರವವೂ ಅದನ್ನು ಮರಳಿಸಲಾರದು. ತೋಳು ಬಿಚ್ಚಿ ಬೇರೆ ತೋಳು ಹೊಲಿಸಬೇಕು. ಸೀರೆಯೊಡನೆ ಬಂದ ರವಿಕೆಯ ಕಣದಲ್ಲಿ ಒಂದು ತುಂಡನ್ನು ಪೆಟ್ಟಿಗೆಯ ತಳದಲ್ಲಿ ಉಳಿಸಿಕೊಂಡವರಿಗೆ ಅದೇನೂ ಕಷ್ಟವಲ್ಲ.