ಅಡುಗೆ ಕಟ್ಟೆಗೆ ಸನ್‌ಮೈಕಾ: ಕಾಗದದ ಕಲ್ಲಿನ ಕಥೆ

ನಮ್ಮದು ಮೈಸೂರಿನ ಹಳೆಯ ಮನೆ. ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿ. ಮಗನ ಮದುವೆಯಾದ ಮೇಲೆ ಮಹಡಿಯಲ್ಲಿ ಅವರಿಗೊಂದು ಪುಟ್ಟ ಅಡುಗೆಮನೆ ಮಾಡಿಕೊಡೋಣವೆಂದು ಹೊರಟೆವು. ಸೊಸೆಗೆ ಕಪ್ಪು ಗ್ರಾನೈಟಿನ ಮೇಲೆ ಮನಸ್ಸು. ಚಾಮರಾಜನಗರ, ಕನಕಪುರದ ಕಲ್ಲು ಕೈಗೆಟುಕುವಷ್ಟು ಹತ್ತಿರದಲ್ಲಿರುವಾಗ ಬೇರೆ ಯೋಚನೆ ಏಕೆ ಎಂದು ನನಗೂ ಅನ್ನಿಸಿತ್ತು. ಆದರೆ ಮೇಸ್ತ್ರಿ ತೊಲೆಗಳನ್ನು ಒಮ್ಮೆ ತಟ್ಟಿ ನೋಡಿ, "ಇದರ ಮೇಲೆ ಕಲ್ಲು ಬೇಡಿ ಮೇಷ್ಟ್ರೇ" ಅಂದ.

ಮೇಷ್ಟ್ರ ಬುದ್ಧಿ, ಲೆಕ್ಕ ಹಾಕದೆ ಬಿಡುತ್ತದೆಯೇ? ಕಟ್ಟೆ 8 ಅಡಿ ಉದ್ದ, 2 ಅಡಿ ಅಗಲ. ಅಂದರೆ ಸುಮಾರು 1.5 ಚದರ ಮೀಟರ್. ಗ್ರಾನೈಟಿನ ಸಾಂದ್ರತೆ ನೀರಿನ 2.7 ಪಟ್ಟು. 20 ಮಿಲಿಮೀಟರ್ ದಪ್ಪದ ಹಲಗೆಯೇ 80 ಕಿಲೋ ತೂಗುತ್ತದೆ. ಅದನ್ನು ಹೊರುವ ಕಡಪಾ ಕಲ್ಲು, ಇಟ್ಟಿಗೆ ಕಾಲುಗಳ ತೂಕ ಬೇರೆ. ಅದೇ ಅಳತೆಯ 19 ಮಿಲಿಮೀಟರ್ ಪ್ಲೈವುಡ್ಡಿಗೆ ಸನ್‌ಮೈಕಾ ಅಂಟಿಸಿದರೆ 20 ಕಿಲೋ ಆಸುಪಾಸು. ಗ್ರಾನೈಟಿನ ಆಸೆ ಅಲ್ಲಿಗೆ ಮುಗಿಯಿತು. ಸೊಸೆ ಎರಡು ದಿನ ಮೌನವಾಗಿದ್ದಳು.

ಅಭ್ರಕವಿಲ್ಲದ ಮೈಕಾ

ಸನ್‌ಮೈಕಾ ಎಂಬುದು ನಿಜವಾಗಿ ಒಂದು ಕಂಪನಿಯ ಹೆಸರು. ನಮ್ಮಲ್ಲಿ ಯಾವ ಕಂಪನಿಯ ಲ್ಯಾಮಿನೇಟ್ ಹಾಳೆಯಾದರೂ ಅದೇ ಹೆಸರಿನಿಂದ ಕರೆಸಿಕೊಳ್ಳುತ್ತದೆ. ಮೈಕಾ ಎಂದರೆ ಅಭ್ರಕ, ಕಾಗೆಬಂಗಾರ. ಆದರೆ ಈ ಹಾಳೆಯಲ್ಲಿ ಅಭ್ರಕ ಎಳ್ಳಷ್ಟೂ ಇಲ್ಲ. ಮತ್ತೆ ಈ ಹೆಸರು ಎಲ್ಲಿಂದ ಬಂತು?

1907ರಲ್ಲಿ ಬೆಲ್ಜಿಯಂ ಮೂಲದ ಲಿಯೋ ಬೇಕೆಲೆಂಡ್ ಅಮೆರಿಕದಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಬೇಕಲೈಟ್ ತಯಾರಿಸಿದ. ಹಳೆಯ ಕಾಲದ ಕಪ್ಪು ಸ್ವಿಚ್ಚುಗಳು ನೆನಪಿವೆಯೇ? ಅದೇ. ಆಗ ವಿದ್ಯುತ್ ಯಂತ್ರಗಳಲ್ಲಿ ನಿರೋಧಕವಾಗಿ ಅಭ್ರಕವನ್ನು ಬಳಸುತ್ತಿದ್ದರು. ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರುಗಳಾದ ಡೇನಿಯಲ್ ಓಕಾನರ್ ಮತ್ತು ಹರ್ಬರ್ಟ್ ಫೇಬರ್ ಅದರ ಬದಲಿಗೆ ಅಂಟಿನಲ್ಲಿ ನೆನೆಸಿದ ಪದರಗಳನ್ನು ಒತ್ತಿ ಗಟ್ಟಿ ಮಾಡುವ ದಾರಿ ಹಿಡಿದರು. 1913ರಲ್ಲಿ ಸ್ವಂತ ಕಂಪನಿ ತೆರೆದು ಇಟ್ಟ ಹೆಸರು ಫಾರ್ಮೈಕಾ, ಅಂದರೆ 'ಅಭ್ರಕದ ಬದಲಿಗೆ'. ಯಾವುದು ಇಲ್ಲವೋ ಅದರ ಹೆಸರೇ ಉಳಿದುಕೊಂಡಿತು!

ಈಗಿನ ಹಾಳೆಯ ಒಳಗೆ ಇರುವುದು ಕಂದು ಬಣ್ಣದ ಕ್ರಾಫ್ಟ್ ಕಾಗದ. ಫೀನಾಲ್ ಅಂಟಿನಲ್ಲಿ ನೆನೆಸಿದ ಇಂಥ ಹಲವು ಹಾಳೆಗಳ ಮೇಲೆ ಬಣ್ಣವೋ ಮರದ ಗೆರೆಯೋ ಮುದ್ರಿಸಿದ ಒಂದು ಕಾಗದ. ಅದಕ್ಕೆ ಮೆಲಮೈನ್ ಅಂಟು. ಎಲ್ಲವನ್ನೂ ಒಟ್ಟಿಗೆ ಇಟ್ಟು, 120 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ, ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 70 ಕಿಲೋ ಭಾರದಲ್ಲಿ ಒತ್ತುತ್ತಾರೆ. ನಿಮ್ಮ ಹೆಬ್ಬೆರಳಿನ ಉಗುರಿನ ಮೇಲೆ ಒಬ್ಬ ವಯಸ್ಕ ನಿಂತಂತೆ. ಹೊರಬರುವ ಹಾಳೆ ಮತ್ತೆ ಕರಗುವುದಿಲ್ಲ. ಬೆಲ್ಲ ಕಾಯಿಸಿದರೆ ಪಾಕ, ಆರಿದರೆ ಅಚ್ಚು, ಮತ್ತೆ ಕಾಯಿಸಿದರೆ ಪಾಕ. ಬಕೆಟ್ಟಿನ ಪ್ಲಾಸ್ಟಿಕ್ ಆ ಜಾತಿ. ಇಡ್ಲಿ ಹಾಗಲ್ಲ, ಒಮ್ಮೆ ಬೆಂದರೆ ಮತ್ತೆ ಹಿಟ್ಟಾಗುವುದಿಲ್ಲ. ನಮ್ಮ ಸನ್‌ಮೈಕಾ ಇಡ್ಲಿಯ ಜಾತಿ. ಪಠ್ಯಪುಸ್ತಕದ ಭಾಷೆಯಲ್ಲಿ ಥರ್ಮೋಸೆಟ್ಟಿಂಗ್ ಪ್ಲಾಸ್ಟಿಕ್.

ಕೊಳ್ಳುವಾಗ

ಅಂಗಡಿಯವರು ಮೊದಲು ಬಣ್ಣದ ಪುಸ್ತಕ ತೆರೆದಿಡುತ್ತಾರೆ. ಅದನ್ನು ಕೊನೆಗೆ ನೋಡಿ. ಹಾಳೆ 8 ಅಡಿ ಉದ್ದ, 4 ಅಡಿ ಅಗಲ ಇರುತ್ತದೆ. ಕಟ್ಟೆಗೆ 1 ಮಿಲಿಮೀಟರಿಗಿಂತ ತೆಳುವಾದದ್ದು ಬೇಡ. ಬೀರುವಿನ ಒಳಬದಿಗೆ ಬಳಸುವ ತೆಳು ಹಾಳೆಯನ್ನು ಕಟ್ಟೆಗೆ ಹಾಕಿ ಕೈ ಸುಟ್ಟುಕೊಂಡವರನ್ನು ಕಂಡಿದ್ದೇನೆ. ಫಳಫಳ ಹೊಳೆಯುವುದು ಅಂಗಡಿಯ ದೀಪದ ಕೆಳಗೆ ಮಾತ್ರ ಚೆಂದ. ಮನೆಯಲ್ಲಿ ಆರು ತಿಂಗಳಿಗೆ ಗೀರುಗಳ ಭೂಪಟವಾಗುತ್ತದೆ. ಕಡುಕಪ್ಪಿನ ಮೇಲೆ ಬೋರ್‌ವೆಲ್ ನೀರಿನ ಬಿಳಿ ಕಲೆ, ಅಚ್ಚ ಬಿಳಿಯ ಮೇಲೆ ಅರಿಸಿನದ ಕಲೆ. ಹೊಳಪಿಲ್ಲದ ನಡುಬಣ್ಣವೇ ಜಾಣತನ. (ಅರಿಸಿನದ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುತ್ತದೆ. ಗಾಬರಿಯಾಗಬೇಡಿ, ಸಾಬೂನು ಪ್ರತ್ಯಾಮ್ಲ, ಅರಿಸಿನ ಸೂಚಕ. ಮಕ್ಕಳಿಗೆ ತೋರಿಸಿ.)

ಹಾಳೆಗಿಂತ ಮುಖ್ಯವಾದದ್ದು ಕೆಳಗಿನ ಹಲಗೆ. ಪ್ಲೈವುಡ್ಡಿನ ಮೇಲೆ ಐ.ಎಸ್. 710 ಎಂಬ ಗುರುತಿದ್ದರೆ ಅದು ಮರೈನ್ ಪ್ಲೈವುಡ್. ಅದರ ಅಂಟು 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಬಿಡಬಾರದೆಂಬುದು ನಿಯಮ. ಐ.ಎಸ್. 303 ಸಾಮಾನ್ಯ ಬಳಕೆಯದು. ಕಟ್ಟೆಗೆ ಹಣ ಉಳಿಸಲು ಇದು ಜಾಗವಲ್ಲ.

ಹಲಗೆಯ ಅಡಿಬದಿಗೂ ಒಂದು ಅಗ್ಗದ ಹಾಳೆ ಅಂಟಿಸಬೇಕು. "ಯಾರು ಬಗ್ಗಿ ನೋಡ್ತಾರೆ?" ಎಂದು ಆಚಾರಿ ಕೇಳಬಹುದು. ಯಾರೂ ನೋಡುವುದಿಲ್ಲ. ಆದರೆ ತೇವ ಬಂದಾಗ ಕಾಗದ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಒಂದೇ ಬದಿಗೆ ಅಂಟಿಸಿದರೆ ಹಲಗೆ ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ನಂಬಿಕೆಯಿಲ್ಲದಿದ್ದರೆ ಒಂದು ಚೂರು ಕಾಗದದ ಒಂದೇ ಮುಖಕ್ಕೆ ನೀರು ಸವರಿ ನೋಡಿ, ಸುರುಳಿಯಾಗುತ್ತದೆ.

ಅಂಟಿನ ವಾಸನೆ

ನಮ್ಮ ಕೆಲಸಕ್ಕೆ ಬಂದ ಆಚಾರಿ ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ತೇರ್ಗಡೆಯಾಗದೆ ತಂದೆಯ ಉಳಿ ಹಿಡಿದವನು. ಕೈಕೆಲಸ ನೋಡಬೇಕು! ಸಿಂಕಿಗೆ ಹಲಗೆ ಕೊರೆಯುವಾಗ ನಾಲ್ಕು ಮೂಲೆಗೂ ಮೊದಲು ದುಂಡು ತೂತು ಹಾಕಿಕೊಂಡ. "ಚೂಪು ಮೂಲೆ ಬಿಟ್ರೆ ಅಲ್ಲಿಂದ್ಲೇ ಬಿರುಕು ಬಿಡುತ್ತೆ ಸಾರ್" ಎಂದ. ವಿಮಾನದ ಕಿಟಕಿಗಳಿಗೆ ಮೂಲೆ ಇಲ್ಲದಿರುವುದೂ ಇದೇ ಕಾರಣಕ್ಕೆ. ನಾನು ತರಗತಿಯಲ್ಲಿ ಹೇಳದ ಪಾಠ ಅವನಿಗೆ ಮರವೇ ಹೇಳಿಕೊಟ್ಟಿತ್ತು.

ಅಂದು ಜೋರು ಮಳೆ. ಕೆಲಸ ಬೇಗ ಮುಗಿಯಲೆಂದು ಬಿಳಿ ಅಂಟಿನ ಬದಲು ರಬ್ಬರಿನ ಹಳದಿ ಅಂಟು ತಂದಿದ್ದ. ಹಲಗೆ, ಹಾಳೆ ಎರಡಕ್ಕೂ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು ಬಿಡಬೇಕು. ನಡುವೆ ಕಡ್ಡಿಗಳನ್ನಿಟ್ಟು ಹಾಳೆಯನ್ನು ಹೊಂದಿಸಿ, ಒಂದೊಂದೇ ಕಡ್ಡಿ ಎಳೆಯುತ್ತಾ ಒತ್ತಬೇಕು. ಒಮ್ಮೆ ತಾಗಿದರೆ ಮುಗಿಯಿತು, ಕೂದಲೆಳೆಯಷ್ಟೂ ಸರಿಸಲಾಗದು. ಎರಚಲು ಬರುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದ.

ಸಂಜೆ ದೀಪ ಹಚ್ಚಿದ ಮೇಲೆ ನನ್ನ ಹೆಂಡತಿ ಮನೆಯೆಲ್ಲಾ ಊದುಬತ್ತಿ ತೋರಿಸುವುದು ರೂಢಿ. ಮೆಟ್ಟಿಲು ಹತ್ತುತ್ತಿದ್ದಳು. ಕೆಳಗಿನ ಮೆಟ್ಟಿಲಿನವರೆಗೂ ಇಳಿದಿದ್ದ ಆ ಸಿಹಿಗಟ್ಟು ವಾಸನೆ ನನ್ನ ಮೂಗಿಗೆ ಬಡಿಯಿತು. ಕೂಗಿದ ರಭಸಕ್ಕೆ ಅವಳು ಊದುಬತ್ತಿ ಹಿಡಿದೇ ಅಂಗಳಕ್ಕೆ ಓಡಿದಳು. ನನ್ನ ಮೇಲೆ ಸಿಟ್ಟು ಇಳಿಯಲು ಒಂದು ವಾರ ಬೇಕಾಯಿತು.

ಆ ಅಂಟಿನಲ್ಲಿ ಟಾಲ್ವೀನ್‌ನಂಥ ದ್ರಾವಕ ಇರುತ್ತದೆ. ಅಂಟು ಒಣಗುವುದೆಂದರೆ ಆ ದ್ರಾವಕ ಆವಿಯಾಗಿ ಕೋಣೆ ತುಂಬುವುದು. ಟಾಲ್ವೀನ್ ಅಣುರಾಶಿ 92, ಗಾಳಿಯದು ಸರಾಸರಿ 29. ಹಾಗಾಗಿ ಆವಿ ಮೇಲೇರದೆ ನೆಲದ ಮೇಲೆ ನೀರಿನಂತೆ ಹರಿದು ಮೆಟ್ಟಿಲಿಳಿಯುತ್ತದೆ. 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಹೊರಡುತ್ತದೆ. ಬೀಡಿ, ಗ್ಯಾಸ್ ಒಲೆ, ಫ್ರಿಜ್ಜಿನ ಒಂದು ಕಿಡಿ, ಯಾವುದಾದರೂ ಸಾಕು. ಕಿಟಕಿ ಬಾಗಿಲು ತೆರೆದಿಡಬೇಕು, ಸಿಲಿಂಡರನ್ನು ಹೊರಗೆ ಸಾಗಿಸಬೇಕು, ಮೇನ್ ಸ್ವಿಚ್ಚನ್ನು ಅಂಟಿನ ಡಬ್ಬ ತೆರೆಯುವ ಮೊದಲೇ ಆರಿಸಬೇಕು. ಇಲ್ಲವೇ ಬಿಳಿ ಅಂಟಿನಲ್ಲಿ ನೀರು ತಡೆಯುವ ಬಗೆಯನ್ನು ಬಳಸಿ, ಒಂದು ದಿನ ಭಾರ ಹೇರಿ ಬಿಡಬಹುದು. ಮಕ್ಕಳಿರುವ ಮನೆಗೆ ಅದೇ ನನ್ನ ಆಯ್ಕೆ.

"ಹದಿನೈದು ವರ್ಷದಿಂದ ಹಿಂಗೇ ಮಾಡ್ತಿದ್ದೀನಿ ಸಾರ್, ಇದನ್ನ ಯಾರೂ ಹೇಳಿರ್ಲಿಲ್ಲ" ಎಂದ ಹುಡುಗ. ಆವೀಕರಣದ ವ್ಯಾಖ್ಯೆಯನ್ನು ಅವನಿಂದ ಹತ್ತು ಸಲ ಬರೆಸಿದವನು ನಾನೇ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಕುಕ್ಕರೋ, ಬಾಣಲೆಯೋ?

ಕಟ್ಟೆ ಸಿದ್ಧವಾದ ಮೇಲೆ ಸೊಸೆ ಕೇಳಿದ ಮೊದಲ ಪ್ರಶ್ನೆ: ಬಿಸಿ ಪಾತ್ರೆ ಇಡಬಹುದೇ? ನೀರಿರುವ ಕುಕ್ಕರಿನ ತಳ 120 ಡಿಗ್ರಿಯ ಆಸುಪಾಸು. ಎಣ್ಣೆಯ ಬಾಣಲೆ, ಕಾದ ದೋಸೆ ಕಾವಲಿ 200 ದಾಟಬಹುದು. ಒಳ್ಳೆಯ ಹಾಳೆ ಸ್ವಲ್ಪ ಹೊತ್ತು ಶಾಖ ತಡೆದೀತು, ಆದರೆ ಕೆಳಗಿನ ರಬ್ಬರ್ ಅಂಟು ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗಿ ಹಾಳೆ ಗುಳ್ಳೆ ಏಳುತ್ತದೆ. ಕುಕ್ಕರಿಗೂ ಮಣೆ ಬೇಕೇ ಬೇಕು.

ನೀರು ಇನ್ನೂ ಕಪಟಿ. ಸಿಂಕಿನ ಸುತ್ತ ಕೊರೆದ ಪ್ಲೈವುಡ್ಡಿನ ಅಂಚು ದೀಪದ ಬತ್ತಿಯಂತೆ ನೀರು ಹೀರುತ್ತದೆ. ಸಿಂಕ್ ಕೂರಿಸುವ ಮೊದಲೇ ಆ ಅಂಚಿಗೆ ಎರಡು ಸಲ ವಾರ್ನಿಷ್ ಬಳಿದು, ಕೂರಿಸಿದ ಮೇಲೆ ಸಂದಿಗೆ ಸಿಲಿಕೋನ್ ತುಂಬಿಸಿ. ಕಟ್ಟೆಯ ಎತ್ತರವನ್ನು ಆಚಾರಿಗೆ ಬಿಡಬೇಡಿ. ಅಡುಗೆ ಮಾಡುವವರ ಮೊಣಕೈಗಿಂತ ಒಂದು ಗೇಣಿನಷ್ಟು ಕೆಳಗಿರಲಿ.

ನಮ್ಮ ಕಟ್ಟೆಗೆ ಈಗ ನಾಲ್ಕು ವರ್ಷ. ಒಲೆಯ ಬಲಕ್ಕೆ ರೂಪಾಯಿ ನಾಣ್ಯದಷ್ಟು ದೊಡ್ಡ ಗುಳ್ಳೆಯೊಂದಿದೆ. ಅದು ಸೊಸೆ ಮಾಡಿದ್ದಲ್ಲ. ಅವಳು ತವರಿಗೆ ಹೋಗಿದ್ದ ದಿನ ಒಗ್ಗರಣೆ ಸೌಟನ್ನು ಅಲ್ಲಿ ಇಟ್ಟವನು ನಾನು.