ವಿಳಾಸವೊಂದು, ಬಾಗಿಲು ಹಲವು

ನಮ್ಮ ಮುಟ್ಟಳ್ಳಿಗೆ ಕಾಗದ ಬರೆಯುವವರು ಕೊನೆಯ ಸಾಲಿನಲ್ಲಿ ‘ಭಟ್ಕಳ 581320’ ಎಂದು ಬರೆಯುವುದುಂಟು. ಈ ಆರಂಕಿಯ ಏರ್ಪಾಡು ಜಾರಿಗೆ ಬಂದುದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ವಿದ್ವಾಂಸರೂ ಕವಿಗಳೂ ಆಗಿದ್ದರೆಂಬುದು ನನ್ನಂಥ ಪಂಡಿತವೃತ್ತಿಯವನಿಗೆ ಸಂತೋಷದ ಸಂಗತಿ. ಆದರೆ ಆ ಅಂಕಿ ಕಾಗದವನ್ನು ಅಂಚೆ ಕಚೇರಿಗೆ ತಲುಪಿಸೀತು. ಮನೆಯ ಹೆಸರು ಮನೆಯವರೆಗೆ ತಂದೀತು. ಹತ್ತು ಜನರಿರುವ ಕೂಡುಕುಟುಂಬದಲ್ಲಿ ಅದು ದೊಡ್ಡಪ್ಪನಿಗೋ, ಅತ್ತಿಗೆಗೋ, ಮೊಮ್ಮಗನಿಗೋ ಎಂಬುದು ತಿಳಿಯದಿದ್ದರೆ ಕಾಗದವು ಜಗಲಿಯ ಮೇಲೆಯೇ ಬಿದ್ದಿರಬೇಕಾದೀತು.

ಗಣಕಯಂತ್ರಗಳ ಜಾಲದಲ್ಲಿಯೂ ಇದೇ ಸಮಸ್ಯೆ. ಜಾಲಕ್ಕೆ ಸೇರಿದ ಪ್ರತಿ ಯಂತ್ರಕ್ಕೂ ಒಂದು ವಿಳಾಸವಿರುತ್ತದೆ, 192.168.1.10 ಎಂಬುದು ಅಂಥದೊಂದು. ಆದರೆ ಒಂದೇ ಯಂತ್ರದಲ್ಲಿ ಏಕಕಾಲಕ್ಕೆ ಹತ್ತಾರು ಕಾರ್ಯಕ್ರಮಗಳು ನಡೆಯುತ್ತಿರುತ್ತವೆ. ಬಂದ ಸಂದೇಶ ಯಾರಿಗೆ? ಅದನ್ನು ನಿರ್ಧರಿಸಲು ಎರಡನೆಯ ಸಂಖ್ಯೆಯೊಂದನ್ನು ಇಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಪೋರ್ಟ್ ಎನ್ನುತ್ತಾರೆ. ಹಳೆಯ ಬಂದರಿನ ಊರಾದ ಭಟ್ಕಳದವರು ಹಡಗನ್ನು ನೆನೆಯಬೇಕಾಗಿಲ್ಲ. ಇದನ್ನು ‘ಬಾಗಿಲ ಸಂಖ್ಯೆ’ ಎಂದುಕೊಂಡರೆ ಸಾಕು. ಇದು 0ರಿಂದ 65535ರವರೆಗೆ ಇರಬಹುದು. ಅಂಚೆಯ ರವಾನೆಗೆ 25, ಜಾಲಪುಟಗಳಿಗೆ 80, ಗುಪ್ತಲಿಪಿಯಲ್ಲಿ ಸಾಗುವ ಜಾಲಪುಟಗಳಿಗೆ 443 ಎಂದು ರೂಢಿಯಾಗಿದೆ.

ಬಾಗಿಲಿಗೆ ಸಂಖ್ಯೆ ಬರೆದಮಾತ್ರಕ್ಕೆ ಒಳಗೆ ಜನರಿದ್ದಾರೆಂದಾಯಿತೇ? ಇಲ್ಲ. ಕಾರ್ಯಕ್ರಮವು ಮೊದಲು ಯಂತ್ರದ ಆಡಳಿತ ವ್ಯವಸ್ಥೆಯಿಂದ ಸಂದೇಶ ಪಡೆಯುವ ಒಂದು ತುದಿಯನ್ನು ಕೇಳಿ ಪಡೆಯುತ್ತದೆ. ಬರ್ಕ್ಲಿ ವಿಶ್ವವಿದ್ಯಾಲಯದವರು 1983ರಲ್ಲಿ ಹೊರತಂದ ಯೂನಿಕ್ಸ್ ವ್ಯವಸ್ಥೆಯಲ್ಲಿ ಇದಕ್ಕೆ ಸಾಕೆಟ್ ಎಂಬ ಹೆಸರು ನೆಲೆನಿಂತಿತು. ಹುಟ್ಟಿದಾಗ ಅದು ಹೆಸರಿಡದ ಕೂಸು. ಅನಂತರ ‘ಈ ವಿಳಾಸಕ್ಕೆ, ಈ ಬಾಗಿಲಿಗೆ ಬಂದುದೆಲ್ಲ ನನ್ನದು’ ಎಂದು ಕಾರ್ಯಕ್ರಮವು ದಾಖಲೆ ಮಾಡಿಸಬೇಕು. ಈ ಕ್ರಿಯೆಯೇ ‘ಬೈಂಡ್’. ಇಂಗ್ಲಿಷಿನ ಆ ಪದವೂ ನಮ್ಮ ‘ಬಂಧ’ವೂ ಒಂದೇ ಮೂಲದಿಂದ ಬಂದವು, ಕಟ್ಟುವುದೆಂದೇ ಅರ್ಥ. ಅಂಚೆ ಕಚೇರಿಯಲ್ಲಿ ಬಾಡಿಗೆಗೆ ಪೆಟ್ಟಿಗೆ ಪಡೆಯುವುದೂ ಇಂಥದೇ. ಪೆಟ್ಟಿಗೆಗೆ ಸಂಖ್ಯೆ ಮೊದಲೇ ಇತ್ತು; ಅದಕ್ಕೆ ಒಡೆಯನು ಒದಗಿದ್ದು ಬರೆಸಿಕೊಂಡ ಮೇಲೆ.

ಒಂದು ಪೆಟ್ಟಿಗೆಯನ್ನು ಸಾಮಾನ್ಯವಾಗಿ ಇಬ್ಬರಿಗೆ ಕೊಡುವುದಿಲ್ಲ. ಇನ್ನೊಬ್ಬನು ಕಟ್ಟಿಕೊಂಡಿರುವ ಸಂಖ್ಯೆಯನ್ನು ಕೇಳಿದರೆ ‘ವಿಳಾಸವು ಬಳಕೆಯಲ್ಲಿದೆ’ ಎಂಬ ನಿರಾಕರಣೆ ಬರುತ್ತದೆ. ಯೂನಿಕ್ಸ್ ಪಂಗಡದ ವ್ಯವಸ್ಥೆಗಳಲ್ಲಿ 1024ಕ್ಕಿಂತ ಕೆಳಗಿನ ಸಂಖ್ಯೆಗಳನ್ನು ಕಟ್ಟಿಕೊಳ್ಳಲು ವಿಶೇಷ ಅಧಿಕಾರ ಬೇಕೆಂಬುದು ರೂಢಿ. ದಾರಿಹೋಕನು ಅಂಚೆಯಣ್ಣನ ವೇಷ ಹಾಕಬಾರದಷ್ಟೆ! ಇನ್ನು ಕೇವಲ ಕೇಳಲು ಹೋಗುವ ಕಾರ್ಯಕ್ರಮವು ಕಟ್ಟುವ ಗೋಜಿಗೆ ಹೋಗಬೇಕಾಗಿಲ್ಲ. ಉತ್ತರ ಮರಳಿ ಬರಲೆಂದು ವ್ಯವಸ್ಥೆಯೇ ತಾತ್ಕಾಲಿಕವಾಗಿ ಒಂದು ಸಂಖ್ಯೆಯನ್ನು ಕೊಡುತ್ತದೆ.

ಹೀಗೆ ಕಟ್ಟುವಾಗ ಸಂಖ್ಯೆಯನ್ನು ಎಲ್ಲರೂ ನೋಡುತ್ತಾರೆ, ವಿಳಾಸವನ್ನು ಮರೆಯುತ್ತಾರೆ. ಅಪಾಯವಿರುವುದು ಅಲ್ಲಿಯೇ. ಶಾಲೆಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಕ್ಕಳ ಅಂಕಪಟ್ಟಿಗಾಗಿ ಕಾರ್ಯಕ್ರಮವೊಂದನ್ನು ಬರೆದುಕೊಟ್ಟ. ಅದು ಅವನೆದುರಿನ ಯಂತ್ರದಲ್ಲಿ ಚೆನ್ನಾಗಿ ನಡೆಯಿತು. ಪಕ್ಕದ ಕೋಣೆಯಿಂದ ಸಿಗಲೊಲ್ಲದು. ನೋಡಿದರೆ ಅದನ್ನು 127.0.0.1ಕ್ಕೆ ಕಟ್ಟಿದ್ದ. ಅದು ಯಂತ್ರವು ತನ್ನೊಡನೆ ತಾನೇ ಮಾತಾಡಿಕೊಳ್ಳುವ ವಿಳಾಸ. ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ. ಅವನು ಕೂಡಲೇ 0.0.0.0 ಎಂದು ಬದಲಾಯಿಸಿ, “ಈಗ ಎಲ್ಲ ಕಡೆ ಸಿಗುತ್ತದೆ ಸರ್” ಎಂದ.

“ಎಲ್ಲ ಕಡೆಯೆಂದರೆ ಎಲ್ಲಿಯ ತನಕ ಮಾರಾಯ?” ಎಂದು ಕೇಳಿದೆ.

ಆ ನಾಲ್ಕು ಸೊನ್ನೆಗಳ ಅರ್ಥ ‘ಈ ಯಂತ್ರಕ್ಕಿರುವ ಎಲ್ಲ ವಿಳಾಸಗಳು’ ಎಂದು. ಆ ಯಂತ್ರಕ್ಕೆ ಎರಡಿದ್ದವು: ಒಂದು ಶಾಲೆಯೊಳಗಿನ ತಂತಿಯದು, ಇನ್ನೊಂದು ಹೊರಗಿನ ಜಾಲದ್ದು. ಸಂಜೆ ಮುಟ್ಟಳ್ಳಿಯ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ನೋಡಿದರೆ ಮಕ್ಕಳ ಹೆಸರು, ಜನ್ಮದಿನಾಂಕ, ಅಂಕಗಳು ಎಲ್ಲವೂ ಗುಪ್ತಪದದ ಅಡ್ಡಿಯಿಲ್ಲದೆ ತೆರೆದುಕೊಂಡವು. ಮರುದಿನ ಶಾಲೆಯೊಳಗಿನ ವಿಳಾಸವೊಂದಕ್ಕೇ ಕಟ್ಟಿಸಿ, ಗುಪ್ತಪದವನ್ನೂ ಇಡಿಸಿದೆವು.

ಇದು ಸಣ್ಣ ಶಾಲೆಯ ಮಾತು ಮಾತ್ರವಲ್ಲ. 2017ರ ಜನವರಿಯಲ್ಲಿ ಮೊಂಗೊಡಿಬಿ ಎಂಬ ದತ್ತಭಂಡಾರವನ್ನು ಬಳಸುತ್ತಿದ್ದ ಸಾವಿರಾರು ಯಂತ್ರಗಳಲ್ಲಿ ಇದೇ ಬಗೆಯಾಗಿ ತೆರೆದಿದ್ದ ಬಾಗಿಲಿನಿಂದ ಕಳ್ಳರು ನುಗ್ಗಿ, ದಾಖಲೆಗಳನ್ನು ಅಳಿಸಿ, ಹಣ ಕೇಳಿದರು. ಅದೇ ವರ್ಷದ ಕೊನೆಗೆ ಬಂದ ಅದರ 3.6ನೆಯ ಆವೃತ್ತಿಯಲ್ಲಿ, ಬೇರೆ ಹೇಳದ ಹೊರತು ತನ್ನ ಯಂತ್ರಕ್ಕಷ್ಟೇ ಕಟ್ಟಿಕೊಳ್ಳುವಂತೆ ಮಾಡಲಾಯಿತು.

ಇನ್ನೊಂದು ಮಾತು. ಕಾರ್ಯಕ್ರಮವನ್ನು ನಿಲ್ಲಿಸಿ ತಕ್ಷಣ ಮತ್ತೆ ಆರಂಭಿಸಿದರೆ, ಯಾರೂ ಇಲ್ಲದಿದ್ದರೂ ‘ವಿಳಾಸವು ಬಳಕೆಯಲ್ಲಿದೆ’ ಎಂಬ ಉತ್ತರ ಬರುವುದುಂಟು. ಬಾಡಿಗೆದಾರನು ಮನೆ ಬಿಟ್ಟ ಮೇಲೂ ಕೆಲವು ದಿನ ಅವನ ಹೆಸರಿನ ಕಾಗದಗಳು ಬರುತ್ತವಲ್ಲವೇ? ಅವು ಹೊಸಬನ ಕೈಸೇರಬಾರದೆಂದು ವ್ಯವಸ್ಥೆಯು ಹಳೆಯ ಸಂಪರ್ಕಗಳ ಗುರುತನ್ನು ಸ್ವಲ್ಪ ಹೊತ್ತು ಉಳಿಸಿಕೊಂಡಿರುತ್ತದೆ. ಕಾಯಬಹುದು, ಇಲ್ಲವೆ ‘ಮರುಬಳಕೆಗೆ ಅನುಮತಿ’ ಎಂಬ ಸೂಚನೆಯನ್ನು ಕಟ್ಟುವ ಮೊದಲೇ ಕೊಡಬಹುದು.

ಆದುದರಿಂದ ಕಾರ್ಯಕ್ರಮ ಬರೆಯಲು ಕಲಿಯುತ್ತಿರುವ ಮಕ್ಕಳಿಗೆ ನಾನು ಹೇಳುವುದಿಷ್ಟೆ: ಯಾವ ಬಾಗಿಲು ಎಂದು ಕೇಳಿಕೊಂಡ ಹಾಗೆಯೇ, ಅದು ಯಾವ ಬೀದಿಗೆ ತೆರೆಯುತ್ತದೆ ಎಂದೂ ಕೇಳಿಕೊಳ್ಳಿ. ಒಳಗಿರುವುದು ಇನ್ನೊಬ್ಬರ ಮಕ್ಕಳ ವಿಷಯವಾಗಿರುವಾಗ ಆ ಪ್ರಶ್ನೆಯನ್ನು ಎರಡು ಸಲ ಕೇಳಿಕೊಳ್ಳಿ.