ಭಿತ್ತಿಪತ್ರದಲ್ಲಿ ಇಲ್ಲದ ಹೆಂಗಸು

ಕೌಟುಂಬಿಕ ದೌರ್ಜನ್ಯದ ವಿರುದ್ಧ ಜಾಗೃತಿ ಮೂಡಿಸುವ ಭಿತ್ತಿಪತ್ರಗಳಲ್ಲಿ ಹೆಚ್ಚಿನವನ್ನು ನೋಡದೆಯೇ ವರ್ಣಿಸಬಹುದು. ಕತ್ತಲ ಮೂಲೆ, ಮೊಣಕಾಲಿಗೆ ಮುಖ ಆನಿಸಿ ಕುಳಿತ ಹೆಂಗಸು, ಊದಿದ ಕಣ್ಣು, ಒಡೆದ ತುಟಿ, ಗೋಡೆಯ ಮೇಲೆ ಮುಷ್ಟಿಯ ನೆರಳು. ನೋಡಿದವರ ಕರುಳು ಚುರುಕ್ ಎನ್ನಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಈ ಚಿತ್ರ ಮರುಕ ಹುಟ್ಟಿಸುವುದರ ಜೊತೆಗೆ, ದೌರ್ಜನ್ಯಕ್ಕೆ ಒಳಗಾದವಳು ಹೀಗೇ ಕಾಣಬೇಕು ಎಂಬ ಅಳತೆಗೋಲನ್ನೂ ನಮ್ಮ ಕೈಗೆ ಕೊಟ್ಟುಬಿಡುತ್ತದೆ. ಆ ಅಳತೆಗೆ ಸಿಗದ ಹೆಂಗಸನ್ನು ಅಕ್ಕಪಕ್ಕದವರು ನಂಬುವುದು ಕಷ್ಟ, ಠಾಣೆಯಲ್ಲಿ ನಂಬುವುದು ಇನ್ನೂ ಕಷ್ಟ. ಎಷ್ಟೋ ಸಲ, ತನಗೆ ಆಗುತ್ತಿರುವುದು ದೌರ್ಜನ್ಯ ಎಂದು ಅವಳಿಗೇ ನಂಬಿಕೆ ಬರುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಈ ಚಿತ್ರದ ಪಕ್ಕದಲ್ಲಿಟ್ಟು ನೋಡಬೇಕು. ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ವಿವಾಹಿತ ಮಹಿಳೆಯರ ಪ್ರಮಾಣ ಕರ್ನಾಟಕದಲ್ಲಿ ಶೇ. 44.4. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 20.6 ಇತ್ತು. (ಹಿಂಸೆ ಹೆಚ್ಚಿತೋ, ಬಾಯಿಬಿಟ್ಟು ಹೇಳುವವರು ಹೆಚ್ಚಿದರೋ ಎಂಬುದನ್ನು ಅಂಕಿಯೊಂದೇ ತೀರ್ಮಾನಿಸಲಾರದು.) ದೇಶದ ಮಟ್ಟದಲ್ಲಿ ಇಂಥ ಹಿಂಸೆ ಅನುಭವಿಸಿದವರ ಪೈಕಿ ಗಾಯವಾಯಿತು ಎಂದವರು ಸುಮಾರು ನಾಲ್ಕನೇ ಒಂದು ಭಾಗ ಮಾತ್ರ. ಉಳಿದ ಮುಕ್ಕಾಲು ಪಾಲು ಹೆಂಗಸರ ಮೈಮೇಲೆ ಯಾರಿಗೂ ತೋರಿಸುವಂಥದ್ದು ಏನೂ ಇಲ್ಲ. ಭಿತ್ತಿಪತ್ರದ ಕಪ್ಪಿಟ್ಟ ಕಣ್ಣು ಅಪರೂಪದ್ದನ್ನೇ ಸಾಮಾನ್ಯವೆಂಬಂತೆ ತೋರಿಸುತ್ತಿದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ ಕಣ್ಣು ಇದಕ್ಕಿಂತ ದೂರ ಹಾಯುತ್ತದೆ. ಮಕ್ಕಳಾಗಲಿಲ್ಲ, ಗಂಡು ಹೆರಲಿಲ್ಲ ಎಂದು ಹೀಯಾಳಿಸುವುದು, ಸ್ತ್ರೀಧನವನ್ನು ಮಾರಿಬಿಡುವುದು, ಮನೆಖರ್ಚಿಗೆ ಹಣ ಕೊಡದಿರುವುದು, ಇರುವ ಮನೆಯಿಂದ ಹೊರಗಿಡುವುದು ಎಲ್ಲವೂ ಕಾಯ್ದೆಯ ಪ್ರಕಾರ ದೌರ್ಜನ್ಯವೇ. ಇವುಗಳಲ್ಲಿ ಯಾವುದೂ ಮುಖದ ಮೇಲೆ ಬಾಸುಂಡೆಯಾಗಿ ಏಳುವುದಿಲ್ಲ.

2013ರಲ್ಲಿ ಮುಂಬೈನ ಜಾಹೀರಾತು ಸಂಸ್ಥೆ ಟ್ಯಾಪ್‌ರೂಟ್, ‘ಸೇವ್ ಅವರ್ ಸಿಸ್ಟರ್ಸ್’ ಅಭಿಯಾನಕ್ಕಾಗಿ ದುರ್ಗೆ, ಲಕ್ಷ್ಮಿ, ಸರಸ್ವತಿಯರನ್ನು ಹಳೆಯ ಕ್ಯಾಲೆಂಡರ್ ಚಿತ್ರಗಳ ಶೈಲಿಯಲ್ಲಿ, ಮುಖದ ತುಂಬ ಗಾಯಗಳೊಂದಿಗೆ ಚಿತ್ರಿಸಿತು. ಅದು ಜಗತ್ತಿನ ಹಲವೆಡೆ ಸುದ್ದಿಯಾಯಿತು. 2015ರಲ್ಲಿ ದಕ್ಷಿಣ ಆಫ್ರಿಕಾದ ಸಾಲ್ವೇಶನ್ ಆರ್ಮಿ, ಯಾವ ಬಣ್ಣದ್ದು ಎಂದು ಆಗ ಅಂತರ್ಜಾಲದಲ್ಲಿ ಚರ್ಚೆಯಾಗುತ್ತಿದ್ದ ಉಡುಪನ್ನು ಮೈತುಂಬ ಗಾಯಗಳಿದ್ದ ರೂಪದರ್ಶಿಗೆ ತೊಡಿಸಿತು. ಎರಡರಲ್ಲೂ ಗಾಯಗೊಂಡವಳು ಸುಂದರಿ, ನಿಷ್ಕಳಂಕೆ, ಮೌನಿ. ಹೊಡೆದವನು ಮಾತ್ರ ಚೌಕಟ್ಟಿನಲ್ಲೇ ಇಲ್ಲ. ನನಗೆ ಹೆಚ್ಚು ಕಳವಳ ತರುವುದು ಇದೇ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮುಕ್ಕಾಲು ಪಾಲಿಗಿಂತ ಹೆಚ್ಚು ಮಹಿಳೆಯರು, ಅವರಿಗಿಂತಲೂ ಹೆಚ್ಚಿನ ಪ್ರಮಾಣದ ಪುರುಷರು, ಒಂದಲ್ಲ ಒಂದು ಕಾರಣಕ್ಕೆ ಗಂಡ ಹೆಂಡತಿಗೆ ಹೊಡೆಯುವುದು ತಪ್ಪಲ್ಲ ಎಂದಿದ್ದಾರೆ. ಅತ್ತೆ ಮಾವನಿಗೆ ಮರ್ಯಾದೆ ಕೊಡದಿರುವುದು, ಎದುರು ಮಾತಾಡುವುದು, ಅಡುಗೆ ಕೆಡಿಸುವುದು ಆ ಕಾರಣಗಳ ಪಟ್ಟಿಯಲ್ಲಿವೆ. ಹೀಗೆ ನಂಬಿರುವವರ ಮುಂದೆ ಬರೀ ಗಾಯದ ಮುಖ ಇಟ್ಟರೆ, ಅವರ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ಅವಳು ಏನು ಮಾಡಿದಳು ಎಂಬುದೇ. ದೇವಿಯ ಮುಖವಾದರೆ ಆ ಪ್ರಶ್ನೆ ಏಳದಿರಬಹುದು. ಆದರೆ ಎದುರುತ್ತರ ಕೊಡುವ, ಕೋಪ ಮಾಡಿಕೊಳ್ಳುವ, ಒಮ್ಮೊಮ್ಮೆ ಅಡುಗೆಯನ್ನೂ ಮಾಡದ ಹೆಂಗಸಿಗೂ ಕಾನೂನಿನ ರಕ್ಷಣೆ ಅಷ್ಟೇ ಸಲ್ಲಬೇಕಲ್ಲ.

ಗಾಯ ತೋರಿಸದೆ ಜನರ ಗಮನ ಸೆಳೆಯುವುದು ಹೇಗೆ ಎಂದು ಪ್ರಚಾರ ನಡೆಸುವವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರ ಆಗಲೇ ಸಿಕ್ಕಿದೆ. 1992ರಲ್ಲಿ ಎಡಿನ್‌ಬರೋದಲ್ಲಿ ಶುರುವಾದ ‘ಝೀರೋ ಟಾಲರೆನ್ಸ್’ ಅಭಿಯಾನಕ್ಕೆ ಫ್ರ್ಯಾಂಕಿ ರಾಫಲ್ಸ್ ತೆಗೆದ ಕಪ್ಪು ಬಿಳುಪು ಛಾಯಾಚಿತ್ರಗಳಲ್ಲಿ ಹೆಂಗಸರು ಒಪ್ಪವಾದ ಮನೆಗಳಲ್ಲಿ ನೆಮ್ಮದಿಯಿಂದ ಇರುವಂತೆ ಕಾಣುತ್ತಾರೆ, ಒಂದು ಗೀರೂ ಇಲ್ಲ. ಕೆಳಗಿನ ಬರಹ ಹೊಡೆದವನ ಬಗ್ಗೆ ಹೇಳುತ್ತದೆ: ಸಮಾಜದಲ್ಲಿ ಮರ್ಯಾದಸ್ಥ, ಒಳ್ಳೆಯ ತಂದೆ. ನಮ್ಮಲ್ಲಿ 2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆ ಆರಂಭಿಸಿದ ‘ಬೆಲ್ ಬಜಾವೋ’ದ ಕಿರುಚಿತ್ರಗಳಲ್ಲಿ ಪಕ್ಕದ ಮನೆಯ ಗಲಾಟೆ ಕೇಳಿದವನು ಎದ್ದುಹೋಗಿ ಆ ಮನೆಯ ಕರೆಗಂಟೆ ಒತ್ತುತ್ತಾನೆ, ಏನೋ ಒಂದು ನೆಪ ಹೇಳುತ್ತಾನೆ. ಕೇಳಿಸಿಕೊಂಡವನ ಹೊಣೆಯೇ ಅಲ್ಲಿ ಕಥೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹೆಂಗಸರ ಗಾಯಗಳನ್ನು ಮುಚ್ಚಿಡುವುದೇ ನಮ್ಮ ಸಮಾಜದ ಹಳೆಯ ಚಾಳಿ, ಅವನ್ನು ಬೆಳಕಿಗೆ ತರಲು ಮಹಿಳಾ ಚಳವಳಿ ಬೆವರು ಸುರಿಸಿದೆ, ಈಗ ಮತ್ತೆ ಮುಚ್ಚಬೇಕೆ? ಈ ಮಾತಿನ ತೂಕವನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೆಂಗಳೂರಿನ ವಿಮೋಚನಾ ಸಂಘಟನೆ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನವರೆಗೆ ಹೋಗಿ, ಸ್ಟೌ ಸಿಡಿದು ಸತ್ತಳು ಎಂದು ಬರೆದು ಮುಗಿಸುತ್ತಿದ್ದ ಸಾವುಗಳನ್ನು ಪ್ರಶ್ನಿಸದೇ ಇದ್ದಿದ್ದರೆ ಅವೆಲ್ಲ ಅಪಘಾತಗಳಾಗಿಯೇ ಉಳಿಯುತ್ತಿದ್ದವು. ಆದರೆ ಅಲ್ಲಿ ಗಾಯ ಒಂದು ಸಾಕ್ಷ್ಯವಾಗಿತ್ತು. ಅದರ ಹಿಂದೆ ಯಾರು, ತನಿಖೆ ಏಕೆ ನಡೆಯಲಿಲ್ಲ ಎಂಬ ಪ್ರಶ್ನೆ ಜೊತೆಗಿತ್ತು. ಬಣ್ಣ ಬಳಿದು ಮಾಡಿದ ರೂಪದರ್ಶಿಯ ಗಾಯ ಯಾರನ್ನೂ ಏನನ್ನೂ ಕೇಳುವುದಿಲ್ಲ.

ಈಚೆಗೆ ಸೋತು ಕುಳಿತವಳ ಬದಲು, ತಿರುಗಿ ನಿಂತು ಮನೆ ಬಿಟ್ಟು ಹೊರಟ ಧೀರೆಯನ್ನು ತೋರಿಸುವ ಜಾಹೀರಾತುಗಳೂ ಬರುತ್ತಿವೆ. ಅದೂ ಇನ್ನೊಂದು ಅಳತೆಗೋಲು. ತವರಿನವರು ಹೊಂದಿಕೊಂಡು ಹೋಗು ಎಂದಾಗ, ಕೈಯಲ್ಲಿ ಸಂಪಾದನೆ ಇಲ್ಲದಾಗ, ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುವ ಭಯವಿದ್ದಾಗ ಅಲ್ಲೇ ಉಳಿದವಳನ್ನು ಅದು ಹೇಡಿಯಾಗಿಸುತ್ತದೆ. ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರಲ್ಲಿ ನೆರವು ಕೇಳಿದವರು ದೇಶದಲ್ಲಿ ಶೇ. 14 ಮಾತ್ರ, ಶೇ. 77ರಷ್ಟು ಮಂದಿ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಇವರಿಗೆ ಬೇಕಾದದ್ದು ಬಹಳ ಸರಳವಾದ ಮಾಹಿತಿ: ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ, ಮನೆ ಬಿಡದೆಯೇ ರಕ್ಷಣಾ ಆದೇಶ ಕೇಳಬಹುದು, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು. ನೆರೆಯವರಿಗೂ ಒಂದು ಸಾಲು ಬೇಕು: ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಎಂದು ಕಾಯ್ದೆಯ 4ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಊದಿದ ಕಣ್ಣಿಗೆ ಕೊಡುವ ಜಾಗದಲ್ಲಿ ಇಷ್ಟನ್ನೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬಹುದು.